ಮುಖ ಮುಚ್ಚಿಕೊಂಡು ಮೇಲೆ ಬಂದ ಬಿಲ್ ಸ್ಕಾರ್ಸ್‌ಗೋರ್ಡ್

ಪ್ರಶ್ನೆ: ನನ್ನ ಮಗ ಡಿಗ್ರಿ ಎರಡನೇ ವರ್ಷದಲ್ಲಿದ್ದಾನೆ. ನಾಟಕ, ಸಿನಿಮಾ ಅಂದ್ರೆ ಹುಚ್ಚು. ಅವನ ರೂಮಿನ ಗೋಡೆ ಮೇಲೆ ಒಬ್ಬ ಸರ್ಕಸ್ ಜೋಕರ್‌ನ ಪೋಸ್ಟರ್ ಇದೆ, ನೋಡಿದ್ರೆ ಎದೆ ಝಲ್ ಅನ್ನುತ್ತೆ. "ಅಮ್ಮಾ, ಅವನು ಸ್ವೀಡನ್ನಿನ ಹುಡುಗ, ನಿಜಕ್ಕೂ ಎಷ್ಟು ಚೆಂದ ಇದ್ದಾನೆ ಗೊತ್ತಾ" ಅಂತಾನೆ. ಅಷ್ಟು ಚೆಂದ ಇರುವವನು ಮುಖ ಯಾಕೆ ಮುಚ್ಚಿಕೊಳ್ಳಬೇಕು? ಅವನ ಅಪ್ಪ ದೊಡ್ಡ ನಟನಂತೆ. ಹಾಗಾದ್ರೆ ಎಲ್ಲ ಅಪ್ಪನ ಹೆಸರಿನ ಮಹಿಮೆಯಾ? ಸ್ವಲ್ಪ ವಿವರವಾಗಿ ಹೇಳಿ. ಇನ್ನೊಂದು, ಆರನೇ ಕ್ಲಾಸಿನ ಮಗಳೂ ಆ ಸಿನಿಮಾ ನೋಡ್ತೀನಿ ಅಂತ ಹಠ ಹಿಡಿದಿದ್ದಾಳೆ. ತೋರಿಸಬಹುದಾ?
ಓದುಗರೊಬ್ಬರು, ಹಾಸನ

ಉತ್ತರ: ಮೊದಲು ಹೆಸರು ಸರಿ ಮಾಡಿಕೊಳ್ಳೋಣ. ಇಂಗ್ಲಿಷ್ ಅಕ್ಷರ ನೋಡಿ ಎಲ್ಲರೂ 'ಸ್ಕಾರ್ಸ್‌ಗಾರ್ಡ್' ಅಂತಾರೆ. ನಾನೂ ಹಲವು ವರ್ಷ ಹಾಗೇ ಹೇಳುತ್ತಿದ್ದೆ. ಆದರೆ ಸ್ವೀಡಿಷ್‌ನಲ್ಲಿ ಆ 'ಎ' ಅಕ್ಷರದ ತಲೆ ಮೇಲೆ ಒಂದು ಪುಟ್ಟ ಸೊನ್ನೆ ಇದೆ. ಅದು ಬಂದರೆ ಉಚ್ಚಾರ 'ಓ' ಆಗುತ್ತದೆ. ಹಾಗಾಗಿ ಬಿಲ್ ಸ್ಕಾರ್ಸ್‌ಗೋರ್ಡ್. ನಿಮ್ಮ ಮಗನಿಗೆ ಈ ವಿಷಯ ಗೊತ್ತಿರಲಿಕ್ಕಿಲ್ಲ, ಒಮ್ಮೆ ಹೇಳಿ ನೋಡಿ.

ಇನ್ನು ಅಪ್ಪನ ವಿಷಯ. ಅಪ್ಪನ ಹೆಸರು ಬಾಗಿಲು ತೆಗೆಸಿದ್ದು ನಿಜ. ಸುಳ್ಳು ಯಾಕೆ ಹೇಳಲಿ? ಆದರೆ ಬಾಗಿಲ ಒಳಗೆ ಹೋದ ಮೇಲೆ ಈ ಹುಡುಗ ಮಾಡಿದ್ದು ಬೇರೆಯೇ. ನಮ್ಮಲ್ಲಿ ಸ್ಟಾರ್ ಮಕ್ಕಳು ಮೊದಲ ಸಿನಿಮಾದಲ್ಲಿ ಏನು ಮಾಡುತ್ತಾರೆ, ನಿಮಗೇ ಗೊತ್ತು. ಎಂಟ್ರಿ, ಸ್ಲೋ ಮೋಷನ್, ಶಿಳ್ಳೆ. ಅಪ್ಪನ ಮುಖದ ಹೋಲಿಕೆ ಇದೆ ಅನ್ನುವುದನ್ನೇ ಬಂಡವಾಳ ಮಾಡಿಕೊಳ್ಳುತ್ತಾರೆ. ಬಿಲ್ ಆ ಬಂಡವಾಳವನ್ನು ಮುಟ್ಟಲೇ ಇಲ್ಲ ಅನ್ನಬಹುದು. ಅವನಿಗೆ ದೊಡ್ಡ ಹೆಸರು ತಂದ ಎರಡೂ ಪಾತ್ರಗಳಲ್ಲಿ ಅವನು ಯಾರು ಅಂತ ಗುರುತೇ ಸಿಗುವುದಿಲ್ಲ.

ಅವನು ಹುಟ್ಟಿದ್ದು 1990ರ ಆಗಸ್ಟ್ 9ರಂದು, ಸ್ಟಾಕ್‌ಹೋಮ್ ಪಕ್ಕದ ವೆಲ್ಲಿಂಗ್‌ಬಿಯಲ್ಲಿ. ಅದು 1950ರ ದಶಕದಲ್ಲಿ ಪ್ಲ್ಯಾನ್ ಮಾಡಿ ಕಟ್ಟಿದ ಬಡಾವಣೆ. ಕೆಲಸ, ಮನೆ, ಅಂಗಡಿ ಎಲ್ಲ ಒಂದೇ ಕಡೆ, ಮೆಟ್ರೊ ಹತ್ತಿದರೆ ಊರೊಳಗೆ. ಅಮ್ಮ ಡಾಕ್ಟರ್. ಅಪ್ಪ ಸ್ಟೆಲ್ಲನ್ ಸ್ಕಾರ್ಸ್‌ಗೋರ್ಡ್. ಅವರು ಹದಿಹರೆಯದಲ್ಲೇ ಟಿವಿ ಸೀರಿಯಲ್ ಒಂದರಿಂದ ಸ್ವೀಡನ್ನಿನಲ್ಲಿ ಮನೆಮಾತಾದವರು. ಆಮೇಲೆ 1972ರಿಂದ ಹದಿನಾರು ವರ್ಷ ಸ್ಟಾಕ್‌ಹೋಮಿನ ರಾಯಲ್ ಡ್ರಮಾಟಿಕ್ ಥಿಯೇಟರಿನಲ್ಲಿ ರಂಗಭೂಮಿ ಮಾಡಿದರು. ಹಾಲಿವುಡ್‌ಗೆ ಹೋದದ್ದು ನಡುವಯಸ್ಸಿನಲ್ಲಿ.

ಮೊದಲ ಮದುವೆಯಿಂದ ಅವರಿಗೆ ಆರು ಮಕ್ಕಳು. ಅದರಲ್ಲಿ ನಾಲ್ಕು ಜನ ನಟರು: ಅಲೆಕ್ಸಾಂಡರ್, ಗುಸ್ತಾಫ್, ಬಿಲ್, ವಾಲ್ಟರ್. ಇನ್ನೊಬ್ಬ ಮಗ ಸ್ಯಾಮ್ ಅಮ್ಮನ ಹಾಗೆ ಡಾಕ್ಟರ್ ಆದ. ಅಂಥಾ ಮನೆಯಲ್ಲಿ ನಟನೆ ಅನ್ನುವುದು ಪವಾಡವಲ್ಲ, ಕಸುಬು. ಮರಗೆಲಸದವರ ಮನೆಯಲ್ಲಿ ಉಳಿ, ಬಾಚಿ ಕೈಗೆ ಸಿಗುವ ಹಾಗೆ ಅಲ್ಲಿ ಸ್ಕ್ರಿಪ್ಟು ಸಿಗುತ್ತದೆ, ಅಷ್ಟೇ.

ಹಿರಿಯಣ್ಣ ಅಲೆಕ್ಸಾಂಡರ್ ಕಥೆ ಇಲ್ಲಿ ಹೇಳಲೇಬೇಕು. ಅವನು ಏಳು ವರ್ಷಕ್ಕೇ ಸಿನಿಮಾಕ್ಕೆ ಬಂದ. ಹದಿಮೂರಕ್ಕೆ ಜನ ಗುರುತು ಹಿಡಿಯುವುದು ತಡೆಯಲಾರದೆ ಬಿಟ್ಟೇಬಿಟ್ಟ. ಸ್ವೀಡನ್ನಿನ ನೌಕಾಪಡೆಯಲ್ಲಿ ಕಡ್ಡಾಯ ಸೇವೆ ಮುಗಿಸಿದ. ಮತ್ತೆ ನಟನೆ ಕಡೆ ತಿರುಗಿದ್ದು ಇಪ್ಪತ್ತರ ಆಸುಪಾಸಿನಲ್ಲಿ. ಮನೆಯಲ್ಲಿ ಯಾರೂ ಕೈ ಹಿಡಿದು ಎಳೆಯಲಿಲ್ಲ. ಮಗನ ವಿಷಯದಲ್ಲಿ ನಿಮಗೆ ಆತಂಕ ಇದೆ ಅನ್ನಿಸಿತು, ಅದಕ್ಕೇ ಇದನ್ನು ಹೇಳಿದೆ.

ಬಿಲ್ ಮೊದಲು ಕ್ಯಾಮೆರಾ ಮುಂದೆ ನಿಂತದ್ದು 2000ನೇ ಇಸವಿಯಲ್ಲಿ ಬಂದ ಒಂದು ಸ್ವೀಡಿಷ್ ಥ್ರಿಲ್ಲರಿನಲ್ಲಿ. ಆಗ ಅವನಿಗೆ ಒಂಬತ್ತು ವರ್ಷ. ಪಾತ್ರ? ಅಲೆಕ್ಸಾಂಡರ್ ಪಾತ್ರದ ತಮ್ಮ. ಇದಕ್ಕೆ ಆಡಿಷನ್ ಏನು ಬೇಕು ಅಂತ ನೀವು ನಗಬಹುದು, ನ್ಯಾಯವೇ. ಅದಾದ ಮೇಲೆ ಹತ್ತು ವರ್ಷ ಸಣ್ಣಪುಟ್ಟ ಪಾತ್ರಗಳು. ಅವನ್ನೆಲ್ಲ ಹೇಳುತ್ತಾ ಕೂರುವುದು ಬೇಡ.

ನಿಜವಾದ ಶುರು 2010ರಲ್ಲಿ. ಆ ವರ್ಷ ಎರಡು ಸಿನಿಮಾ ಬಂದವು. ಒಂದರಲ್ಲಿ ಅವನು ಕುಡುಕ ಅಪ್ಪನ ಮನೆಯಿಂದ ತಪ್ಪಿಸಿಕೊಂಡು, 1975ರ ಬೇಸಿಗೆಯಲ್ಲಿ ದ್ವೀಪವೊಂದರ ಶ್ರೀಮಂತರ ಕ್ಲಬ್ಬಿನಲ್ಲಿ ಕೆಲಸಕ್ಕೆ ಸೇರುವ ಹುಡುಗ. ಅದು ಚೆನ್ನಾಗಿಯೇ ಇದೆ. ಆದರೆ ನನಗೆ ಜಾಸ್ತಿ ಇಷ್ಟ ಇನ್ನೊಂದು. ಅದರ ಸ್ವೀಡಿಷ್ ಹೆಸರಿನ ಅರ್ಥ 'ಬಾಹ್ಯಾಕಾಶದಲ್ಲಿ ಭಾವನೆಗಳಿಲ್ಲ'. ಇಂಗ್ಲಿಷ್‌ನಲ್ಲಿ 'ಸಿಂಪಲ್ ಸೈಮನ್' ಅಂತ ಹುಡುಕಿದರೆ ಸಿಗುತ್ತದೆ. ನಿರ್ದೇಶಕ ಆಂಡ್ರೆಯಾಸ್ ಓಮನ್.

ಸೈಮನ್‌ಗೆ ಆಸ್ಪರ್ಜರ್, ಅಂದರೆ ಆಟಿಸಂನ ಒಂದು ಬಗೆ ಇದೆ. ಊಟ, ಬಟ್ಟೆ ಒಗೆಯುವುದು, ಏಳುವುದು ಎಲ್ಲ ಹೇಳಿದ ಟೈಮಿಗೆ ಆಗಬೇಕು. ವೃತ್ತಾಕಾರ ಕಂಡರೆ ಪ್ರೀತಿ. ಯಾರಾದರೂ ಮೈ ಮುಟ್ಟಿದರೆ ಆಗುವುದಿಲ್ಲ. ಮನಸ್ಸು ಕೆಟ್ಟರೆ ಒಂದು ಪೀಪಾಯಿ ಒಳಗೆ ಹೋಗಿ ಕೂತು, ಅದೇ ತನ್ನ ರಾಕೆಟ್ ಅಂದುಕೊಳ್ಳುತ್ತಾನೆ. ಅಣ್ಣ ಮಾತ್ರ ಅವನನ್ನು ಹೊರಗೆ ಕರೆಸಬಲ್ಲ. ಸೈಮನ್‌ನ ಕಾಟ ತಾಳದೆ ಅಣ್ಣನ ಗೆಳತಿ ಬಿಟ್ಟು ಹೋಗುತ್ತಾಳೆ. ಮನೆಯ ವೇಳಾಪಟ್ಟಿ ಕೆಡುತ್ತದೆ. ಹಾಗಾಗಿ ಅಣ್ಣನಿಗೆ ಹೊಸ ಗೆಳತಿಯನ್ನು ತಾನೇ ಹುಡುಕಲು ಹೊರಡುತ್ತಾನೆ, ಸಾಮಾನಿನ ಪಟ್ಟಿ ಹಿಡಿದು ಸಂತೆಗೆ ಹೊರಟ ಹಾಗೆ!

ಈ ಪಾತ್ರದಲ್ಲಿ ಇಪ್ಪತ್ತರ ಹುಡುಗ ಮಾಡಿದ ಜಾಣತನ ಏನು ಗೊತ್ತಾ? ಎದುರಿನವರ ಕಣ್ಣನ್ನು ಅವನು ನೇರ ನೋಡುವುದಿಲ್ಲ. ದೃಷ್ಟಿ ಭುಜದ ಹತ್ತಿರ ಎಲ್ಲೋ ನಿಲ್ಲುತ್ತದೆ. ನಗಿಸಬೇಕು ಅಂತ ಒಮ್ಮೆಯೂ ಹವಣಿಸುವುದಿಲ್ಲ, ಆದರೂ ನಾವು ನಗುತ್ತೇವೆ. ಕರುಣೆ ಬೇಡುವುದಿಲ್ಲ, ಆದರೂ ಗಂಟಲು ಕಟ್ಟುತ್ತದೆ. ಆ ವರ್ಷ ಸ್ವೀಡನ್ ಆಸ್ಕರ್‌ಗೆ ಕಳಿಸಿದ್ದು ಇದೇ ಸಿನಿಮಾವನ್ನು. ಕೊನೆಯ ಒಂಬತ್ತರ ಪಟ್ಟಿವರೆಗೂ ಬಂದಿತ್ತು. ಸ್ವೀಡನ್ನಿನ ರಾಷ್ಟ್ರೀಯ ಪ್ರಶಸ್ತಿ ಗುಲ್ಡ್‌ಬಗ್ಗೆಗೆ ಬಿಲ್ ನಾಮನಿರ್ದೇಶನವಾದ. 2012ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಯುರೋಪಿನ ಹೊಸ ಪ್ರತಿಭೆಗಳ 'ಶೂಟಿಂಗ್ ಸ್ಟಾರ್ಸ್' ಪಟ್ಟಿಯಲ್ಲೂ ಅವನ ಹೆಸರು ಬಂತು.

ಇಲ್ಲಿ ಒಂದು ಸಣ್ಣ ಅಡ್ಡದಾರಿ. ಇಡೀ ಸ್ವೀಡನ್ನಿನ ಜನಸಂಖ್ಯೆ ಒಂದು ಕೋಟಿಗೆ ತುಸು ಜಾಸ್ತಿ. ನಮ್ಮ ಬೆಂಗಳೂರೊಂದರಲ್ಲೇ ಅಷ್ಟು ಜನ ಇದ್ದೇವೆ. ಅಷ್ಟು ಸಣ್ಣ ದೇಶದಿಂದ ಹಾಲಿವುಡ್‌ಗೆ ಹೋಗಿ ಅಮೆರಿಕದವನ ಹಾಗೆ ಮಾತಾಡುವ ನಟರು ಇಷ್ಟೊಂದು ಹೇಗೆ? ಒಂದು ಕಾರಣ ತುಂಬಾ ಸರಳ. ಅಲ್ಲಿ ದೊಡ್ಡವರ ಇಂಗ್ಲಿಷ್ ಸಿನಿಮಾ, ಸೀರಿಯಲ್‌ಗಳನ್ನು ಡಬ್ ಮಾಡುವುದಿಲ್ಲ. ಕೆಳಗೆ ಸ್ವೀಡಿಷ್ ಅಕ್ಷರ ಹಾಕಿ ಹಾಗೇ ತೋರಿಸುತ್ತಾರೆ. ಮಕ್ಕಳ ಕಿವಿಗೆ ಇಂಗ್ಲಿಷ್ ಧಾಟಿ ಚಿಕ್ಕಂದಿನಿಂದಲೇ ಬೀಳುತ್ತದೆ. ನಮ್ಮ ಡಬ್ಬಿಂಗ್ ಜಗಳವನ್ನು ಇಲ್ಲಿ ಎಳೆದು ತರುವುದಿಲ್ಲ, ಹೆದರಬೇಡಿ. ಇನ್ನೊಂದು ಕಾರಣ, ಸ್ವೀಡಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್. 1963ರಲ್ಲಿ ಶುರುವಾದ, ಸಿನಿಮಾಗಳಿಗೆ ಹಣದ ನೆರವು ಕೊಡುವ ಸಂಸ್ಥೆ. ಸಣ್ಣ ಮಾರುಕಟ್ಟೆಯ ಭಾಷೆಯಲ್ಲಿ 'ಸೈಮನ್'ನಂಥ ಸಿನಿಮಾ ತಲೆ ಎತ್ತಲು ಅಂಥ ಬೆಂಬಲ ಬೇಕೇ ಬೇಕು.

2012ರಲ್ಲಿ ಟಾಲ್‌ಸ್ಟಾಯ್ ಕಾದಂಬರಿಯ ಇಂಗ್ಲಿಷ್ ಸಿನಿಮಾದಲ್ಲಿ ಒಂದು ಚಿಕ್ಕ ಪಾತ್ರ ಸಿಕ್ಕಿತು. 2013ರಲ್ಲಿ ನೆಟ್‌ಫ್ಲಿಕ್ಸ್‌ನ ಹಾರರ್ ಸರಣಿ 'ಹೆಮ್ಲಾಕ್ ಗ್ರೋವ್'. ಮೂರು ವರ್ಷ ನಡೆಯಿತು. ಶ್ರೀಮಂತ ಮನೆಯ ರಕ್ತಪಿಪಾಸು ಹುಡುಗನ ಪಾತ್ರ. ಸರಣಿ ಸಾಧಾರಣ, ನಾನು ಪೂರ್ತಿ ನೋಡಲೂ ಇಲ್ಲ. ತಮಾಷೆ ಏನೆಂದರೆ, ಅದೇ ಹೊತ್ತಿಗೆ ಅಣ್ಣ ಅಲೆಕ್ಸಾಂಡರ್ ಇನ್ನೊಂದು ಅಮೆರಿಕನ್ ಸರಣಿಯಲ್ಲಿ ರಕ್ತಪಿಶಾಚಿಯಾಗಿ ಮೆರೆಯುತ್ತಿದ್ದ. ತಮ್ಮನನ್ನು ಎಲ್ಲರೂ 'ಅವನ ತಮ್ಮ' ಅಂತಲೇ ಕರೆಯುತ್ತಿದ್ದರು. ಅಪ್ಪನ ನೆರಳಿಗಿಂತ ಅಣ್ಣನ ನೆರಳೇ ಆಗ ಉದ್ದವಾಗಿತ್ತು.

ಈಗ ನಿಮ್ಮ ಮಗನ ಗೋಡೆಯ ಪೋಸ್ಟರಿಗೆ ಬರೋಣ.

ಸ್ಟೀಫನ್ ಕಿಂಗ್ 1986ರಲ್ಲಿ ಬರೆದ 'ಇಟ್' ಕಾದಂಬರಿಯಲ್ಲಿ ಪೆನ್ನಿವೈಸ್ ಅನ್ನುವ ಕ್ಲೌನ್ ಇದ್ದಾನೆ. ಮೋರಿಯಲ್ಲಿ ಅಡಗಿದ್ದು ಮಕ್ಕಳನ್ನು ಎಳೆದುಕೊಂಡು ಹೋಗುವ ಭೂತ. 1990ರಲ್ಲಿ ಇದು ಟಿವಿ ಸರಣಿಯಾಗಿ ಬಂದಾಗ ಟಿಮ್ ಕರ್ರಿ ಆ ಪಾತ್ರ ಮಾಡಿದ್ದರು. ಒಂದು ತಲೆಮಾರಿನ ಅಮೆರಿಕನ್ನರ ನಿದ್ದೆ ಕೆಡಿಸಿದ ಪಾತ್ರ ಅದು. ಆ ಸರಣಿ ಬಂದಾಗ ಬಿಲ್ ತೊಟ್ಟಿಲಲ್ಲಿದ್ದ. ಹೊಸ ಸಿನಿಮಾ ಮಾಡುವಾಗ ಮೊದಲು ಬೇರೆ ನಿರ್ದೇಶಕ, ಬೇರೆ ನಟ ಇದ್ದರು. ಅದು ಮುರಿದುಬಿತ್ತು. ಆಂಡಿ ಮುಸ್ಕಿಯೆಟ್ಟಿ ಅನ್ನುವ ಅರ್ಜೆಂಟೀನಾದ ನಿರ್ದೇಶಕ ಬಂದರು, ಹೊಸದಾಗಿ ಆಡಿಷನ್ ನಡೆಯಿತು, ಬಿಲ್‌ಗೆ ಪಾತ್ರ ಸಿಕ್ಕಿತು. 2016ರಲ್ಲಿ ಕೆನಡಾದಲ್ಲಿ ಶೂಟಿಂಗ್ ನಡೆಯುವಾಗ ಅವನಿಗೆ 26 ತುಂಬಿತು.

ಪೋಸ್ಟರನ್ನು ಹತ್ತಿರದಿಂದ ನೋಡಿ. ಕೆಳತುಟಿ ಹೊರಗೆ ಜೋತು ಬಿದ್ದು, ನಗು ಒಂಥರಾ ವಕ್ರವಾಗಿದೆ ಅಲ್ವಾ? ಅದು ಗ್ರಾಫಿಕ್ಸ್ ಅಲ್ಲ. ಬಿಲ್‌ಗೆ ನಿಜವಾಗಿಯೂ ತುಟಿಯನ್ನು ಹಾಗೆ ತಿರುಚಲು ಬರುತ್ತದೆ. ಚಿಕ್ಕವನಿದ್ದಾಗ ಅಣ್ಣನನ್ನು ನೋಡಿ ಕಲಿತದ್ದಂತೆ. ಇನ್ನು ಕಣ್ಣು. ಸಿನಿಮಾದಲ್ಲಿ ಒಂದು ಕಣ್ಣು ಹುಡುಗನ ಕಡೆ, ಇನ್ನೊಂದು ನಮ್ಮ ಕಡೆ ನೋಡುತ್ತದೆ. ನಿರ್ದೇಶಕರು ಅದನ್ನು ಕಂಪ್ಯೂಟರಿನಲ್ಲಿ ಮಾಡಿಸೋಣ ಅಂದುಕೊಂಡಿದ್ದರು. "ಬೇಕಾಗಿಲ್ಲ, ನನಗೆ ಹಾಗೇ ಬರುತ್ತೆ" ಅನ್ನುವ ಅರ್ಥದಲ್ಲಿ ಬಿಲ್ ಅಲ್ಲೇ ಮಾಡಿ ತೋರಿಸಿದ. ಬಾಯಿಗೆ ಹಾಕಿದ ನಕಲಿ ಹಲ್ಲಿನಿಂದ ಜೊಲ್ಲು ಸುರಿಯುತ್ತಿತ್ತು. ಬೇರೆಯವರಾಗಿದ್ದರೆ ಕರ್ಚೀಫು ಕೇಳುತ್ತಿದ್ದರು. ಇವನು ಅದನ್ನೂ ಪಾತ್ರಕ್ಕೆ ಸೇರಿಸಿಕೊಂಡ. ಮಕ್ಕಳನ್ನು ಕಂಡರೆ ಬಾಯಲ್ಲಿ ನೀರೂರುವ ಭೂತ, ಸರಿಯಾಗಿಯೇ ಇದೆ!

ಶೂಟಿಂಗ್‌ನಲ್ಲಿ ಇನ್ನೊಂದು ಉಪಾಯ ಮಾಡಿದ್ದರು. ಬಾಲನಟರಿಗೆ ಅವನನ್ನು ಮೊದಲೇ ತೋರಿಸಲಿಲ್ಲ. ಅವರವರ ದೃಶ್ಯ ಬರುವವರೆಗೂ ಮುಖ ಮುಚ್ಚುಮರೆ. ಒಂದು ದೃಶ್ಯದಲ್ಲಿ ಜ್ಯಾಕ್ ಅನ್ನುವ ಹುಡುಗ ಇವನ ಕೈಯಡಿ ಸಿಕ್ಕು ಅಳುತ್ತಾ, ಕೆಮ್ಮುತ್ತಾ ಇದ್ದ. ನಿಜಕ್ಕೂ ಹೆದರಿಬಿಟ್ಟನೇನೋ ಅಂತ ಕಟ್ ಆದ ತಕ್ಷಣ ಬಿಲ್ ಗಾಬರಿಯಿಂದ ವಿಚಾರಿಸಿದ. ಹುಡುಗ ಕಣ್ಣು ಅರಳಿಸಿ, ಸೂಪರಾಗಿ ಮಾಡ್ತಿದ್ದೀಯ ಅಂತ ಇವನಿಗೇ ಶಭಾಷ್‌ಗಿರಿ ಕೊಟ್ಟ. ಈ ಕಥೆಯನ್ನು ಬಿಲ್ ಸಂದರ್ಶನಗಳಲ್ಲಿ ನಗುನಗುತ್ತಾ ಹೇಳಿದ್ದಾನೆ.

2017ರ ಸೆಪ್ಟೆಂಬರ್ 8ಕ್ಕೆ ಸಿನಿಮಾ ಬಂತು. ನಾಲ್ಕು ಕೋಟಿ ಡಾಲರ್ ಒಳಗೆ ಮುಗಿದ ಸಿನಿಮಾ ಜಗತ್ತಿನಲ್ಲೆಲ್ಲ ಸೇರಿ 70 ಕೋಟಿ ಡಾಲರ್ ಮೀರಿ ಗಳಿಸಿತು. ಅದೇ ತಿಂಗಳ 17ಕ್ಕೆ ಅಣ್ಣ ಅಲೆಕ್ಸಾಂಡರ್ ಅಮೆರಿಕದ ಟಿವಿ ಲೋಕದ ಎಮ್ಮಿ ಪ್ರಶಸ್ತಿ ಗೆದ್ದ. ಆ ಮನೆಯ ಸೆಪ್ಟೆಂಬರ್ ಹೇಗಿದ್ದಿರಬೇಕು ನೋಡಿ.

ಆದರೆ ಬಿಲ್‌ನ ಮುಖ ಯಾರಿಗೂ ಗೊತ್ತಿರಲಿಲ್ಲ. ಹೆಸರು ಗೊತ್ತು, ಮುಖ ಗೊತ್ತಿಲ್ಲ. ಸ್ಟಾರ್‌ಗೆ ಇದು ಶಾಪ, ನಟನಿಗೆ ವರ. ನೀವು ಕೇಳಿದ್ದು 'ಚೆಂದ ಇದ್ದವನು ಮುಖ ಯಾಕೆ ಮುಚ್ಚಿಕೊಳ್ಳಬೇಕು' ಅಂತ. ನಮ್ಮ ಕರಾವಳಿಯಲ್ಲಿ ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಚೌಕಿಗೆ ಒಮ್ಮೆ ಹೋಗಿ ನೋಡಿ. ಬಣ್ಣದ ವೇಷದವರು ಗಂಟೆಗಟ್ಟಲೆ ಕೂತು ಮುಖದ ಮೇಲೆ ಅಕ್ಕಿಹಿಟ್ಟಿನ ಚಿಟ್ಟಿ ಇಟ್ಟುಕೊಳ್ಳುತ್ತಾರೆ. ರಾಕ್ಷಸ ರಂಗಕ್ಕೆ ಬಂದಾಗ ಒಳಗಿರುವವರ ಸ್ವಂತ ಮುಖ ಹೇಗಿದೆ ಅಂತ ಯಾರೂ ಕೇಳುವುದಿಲ್ಲ. ಆದರೆ ಆ ಆರ್ಭಟ ಯಾರದು ಅಂತ ಬಲ್ಲವರಿಗೆಲ್ಲ ಗೊತ್ತಿರುತ್ತದೆ. ಬಿಲ್ ಮಾಡುವುದೂ ಆ ಜಾತಿಯ ಕೆಲಸವೇ.

2019ರಲ್ಲಿ ಎರಡನೇ ಭಾಗ ಬಂತು. ನಡುವೆ ಹಲವು ಸಿನಿಮಾ, ಸರಣಿ. ನನ್ನ ಮಟ್ಟಿಗೆ ಮುಖ್ಯ ಎರಡು, ಎರಡೂ 2022ರವು. ಮೊದಲನೆಯದು 'ಕ್ಲಾರ್ಕ್', ಆರು ಕಂತಿನ ಸ್ವೀಡಿಷ್ ಸರಣಿ, ನಿರ್ದೇಶಕ ಯೋನಸ್ ಓಕರ್ಲುಂಡ್. 'ಸ್ಟಾಕ್‌ಹೋಮ್ ಸಿಂಡ್ರೋಮ್' ಅನ್ನುವ ಮಾತು ಕೇಳಿರಬಹುದು. ಒತ್ತೆಯಾಳುಗಳು ತಮ್ಮನ್ನು ಹಿಡಿದಿಟ್ಟವರ ಕಡೆಗೇ ವಾಲುವುದು. ಆ ಮಾತು ಹುಟ್ಟಿದ್ದು 1973ರ ಆಗಸ್ಟಿನಲ್ಲಿ ಸ್ಟಾಕ್‌ಹೋಮಿನ ನಾರ್ಮಲ್ಮ್ಸ್‌ಟೋರಿ ಚೌಕದ ಬ್ಯಾಂಕೊಂದರಲ್ಲಿ. ಒಬ್ಬ ಬಂದೂಕು ಹಿಡಿದು ಒಳನುಗ್ಗಿ, ಜೈಲಿನಲ್ಲಿದ್ದ ಕ್ಲಾರ್ಕ್ ಉಲೋಫ್‌ಸನ್‌ನನ್ನು ಇಲ್ಲಿಗೆ ಕರೆತನ್ನಿ ಅಂದ. ಸರಕಾರ ಕರೆತಂದೇಬಿಟ್ಟಿತು. ಆರು ದಿನದ ನಾಟಕ ಅದು. ಆ ಕ್ಲಾರ್ಕ್‌ನ ಪಾತ್ರ ಬಿಲ್‌ದು. ಇಲ್ಲಿ ಮುಖ ತೆರೆದಿದೆ, ನಗು ಸುಂದರವಾಗಿದೆ, ಅದೇ ಭಯ ಹುಟ್ಟಿಸುತ್ತದೆ. ಸುಳ್ಳು ಹೇಳುತ್ತಿದ್ದಾನೆ ಅಂತ ಗೊತ್ತಿದ್ದೂ ನಂಬುತ್ತೇವೆ.

ಎರಡನೆಯದು 'ಬಾರ್ಬೇರಿಯನ್'. ಮಳೆಯ ರಾತ್ರಿ ಹುಡುಗಿಯೊಬ್ಬಳು ಬಾಡಿಗೆಗೆ ಹಿಡಿದ ಮನೆಗೆ ಬರುತ್ತಾಳೆ. ಒಳಗೆ ಆಗಲೇ ಒಬ್ಬ ಇದ್ದಾನೆ. ಬಾಗಿಲು ತೆಗೆದವನು ಬಿಲ್. ಪಾಪ, ಚಹಾ ಮಾಡಿಕೊಡುತ್ತಾನೆ, ಹಾಸಿಗೆ ಬಿಟ್ಟುಕೊಡುತ್ತಾನೆ. ನಾವು ಮಾತ್ರ ಕುರ್ಚಿ ತುದಿಯಲ್ಲಿ ಕೂತು 'ಇವನು ಪೆನ್ನಿವೈಸ್, ಆ ಚಹಾ ಕುಡೀಬೇಡ ಕಣೇ' ಅಂತಿರುತ್ತೇವೆ. ಮುಂದೆ ಏನಾಗುತ್ತದೆ ಅಂತ ಹೇಳುವುದಿಲ್ಲ. ನಿರ್ದೇಶಕ ಜ್ಯಾಕ್ ಕ್ರೆಗರ್ ಬಳಸಿಕೊಂಡದ್ದು ಬಿಲ್‌ನ ನಟನೆಯನ್ನು ಮಾತ್ರ ಅಲ್ಲ, ಅವನ ಬಗ್ಗೆ ನಮಗಿರುವ ಅನುಮಾನವನ್ನೂ.

2023ರಲ್ಲಿ 'ಜಾನ್ ವಿಕ್' ನಾಲ್ಕನೇ ಭಾಗದ ಫ್ರೆಂಚ್ ಠಾಕುಠೀಕಿನ ಖಳ. ಅದು ಅವನಿಗೆ ಎಡಗೈ ಆಟ. ಆದರೆ 2024ರಲ್ಲಿ ಬಂದ 'ದಿ ಕ್ರೋ' ಮಕಾಡೆ ಮಲಗಿತು. ಅದರಲ್ಲಿ ಅವನೇ ಹೀರೊ, ಪ್ರೇಮಿ, ಮೈತುಂಬ ಹಚ್ಚೆ. ತಪ್ಪು ಪೂರ್ತಿ ಅವನದಲ್ಲ, ಕಥೆಯೇ ಜಾಳು. ಆದರೂ ಒಂದು ಮಾತು ಹೇಳಿಬಿಡುತ್ತೇನೆ. ಸುಮ್ನೆ ಹೀರೊ ಆಗಿ ನಿಲ್ಲು ಅಂದಾಗ ಬಿಲ್ ಸ್ವಲ್ಪ ಸಪ್ಪೆಯಾಗುತ್ತಾನೆ. ಅವನಿಗೆ ಹಿಡಿದುಕೊಳ್ಳಲು ಏನಾದರೂ ಬೇಕು. ಒಂದು ವಕ್ರತೆ, ಒಂದು ದನಿ, ಒಂದು ನಡಿಗೆ. ಅವನ ಅಭಿಮಾನಿಗಳು ಇದನ್ನು ಒಪ್ಪಲಿಕ್ಕಿಲ್ಲ. ನಿಮ್ಮ ಮಗನೂ ಒಪ್ಪಲಿಕ್ಕಿಲ್ಲ.

ಅದೇ ವರ್ಷ ಡಿಸೆಂಬರ್ 25ಕ್ಕೆ ಅಮೆರಿಕದಲ್ಲಿ 'ನೊಸ್ಫೆರಾಟು' ಬಂತು. 1922ರ ಜರ್ಮನ್ ಮೂಕಿ ಚಿತ್ರದ ಹೊಸ ರೂಪ, ನಿರ್ದೇಶಕ ರಾಬರ್ಟ್ ಎಗ್ಗರ್ಸ್. ಬಿಲ್‌ನನ್ನು ಮೊದಲು ಆರಿಸಿದ್ದು ನಾಯಕಿಯ ಗಂಡನ ಪಾತ್ರಕ್ಕೆ. ವರ್ಷಗಟ್ಟಲೆ ಸಿನಿಮಾ ಮುಂದಕ್ಕೆ ಹೋಗಿ, ಕೊನೆಗೆ ಅವನಿಗೆ ಸಿಕ್ಕಿದ್ದು ಕೌಂಟ್ ಓರ್ಲಾಕ್, ಅಂದರೆ ರಕ್ತ ಹೀರುವ ಪಿಶಾಚಿಯ ಪಾತ್ರ. ಸತ್ತು ಕೊಳೆತ ಹಳೇ ಟ್ರಾನ್ಸಿಲ್ವೇನಿಯಾ ಜಮೀನ್ದಾರ ಅನ್ನಿ. ದಪ್ಪ ಮೀಸೆ, ಬೋಳು ಹಣೆ, ಮೈಯೆಲ್ಲ ಹುಣ್ಣು. ಮೇಕಪ್‌ಗೆ ಡೇವಿಡ್ ವೈಟ್ ಅನ್ನುವವರು. ಪೂರ್ತಿ ವೇಷ ಕಟ್ಟಲು ಆರು ಗಂಟೆವರೆಗೂ ಬೇಕಾಗುತ್ತಿತ್ತು.

ನಿಮ್ಮ ಮಗನಿಗೆ ಉಪಯೋಗವಾಗುವ ಭಾಗ ಇದು, ಅವನಿಗೆ ಓದಿ ಹೇಳಿ. ಓರ್ಲಾಕ್‌ನ ದನಿ ಕೇಳಿದರೆ ನೆಲದೊಳಗಿಂದ ಬಂದ ಹಾಗಿರುತ್ತದೆ. ಜನ ಅದು ಕಂಪ್ಯೂಟರಿನ ಕೈಚಳಕ ಅಂದುಕೊಂಡರು. ಅಲ್ಲ. ಐಸ್‌ಲ್ಯಾಂಡಿನ ಒಪೆರಾ ಗಾಯಕಿ ಆಸ್ಗೆರ್ಡುರ್ ಯೂನಿಯುಸ್ದೊತ್ತಿರ್ ಹತ್ತಿರ ಬಿಲ್ ದನಿ ಕಲಿತ. ಶಿಷ್ಯನಾಗಿ ಕೂತು ತನ್ನ ದನಿಯನ್ನು ಒಂದು ಸ್ಥಾಯಿಯಷ್ಟು ಕೆಳಗಿಳಿಸಿದ. ಹಾಡುಗಾರರು ಮಂದ್ರ ಸಾಧನೆ ಮಾಡುವ ಹಾಗೆ, ನಿತ್ಯ ಸ್ವಲ್ಪ ಸ್ವಲ್ಪ. ಪಾತ್ರದ ಕೆಲವು ಮಾತುಗಳು ಡೇಸಿಯನ್ ಅನ್ನುವ ಸತ್ತುಹೋದ ಭಾಷೆಯವು, ಸಿನಿಮಾಕ್ಕಾಗಿ ಮತ್ತೆ ಕಟ್ಟಿದ್ದು. ಅಂದರೆ ಆರು ಗಂಟೆ ಮೇಕಪ್, ಗೊತ್ತಿಲ್ಲದ ಭಾಷೆ, ತನ್ನದಲ್ಲದ ದನಿ. ಇಷ್ಟೆಲ್ಲ ಹೊತ್ತುಕೊಂಡು ನಟಿಸಬೇಕು. ಸಿನಿಮಾ ಬಿಡುಗಡೆಯಾಗುವ ತನಕ ಅವನ ವೇಷವನ್ನು ಟ್ರೇಲರಿನಲ್ಲಿ ಸರಿಯಾಗಿ ತೋರಿಸಲೂ ಇಲ್ಲ. ಸಿನಿಮಾಕ್ಕೆ ನಾಲ್ಕು ಆಸ್ಕರ್ ನಾಮನಿರ್ದೇಶನ ಬಂದವು, ಅದರಲ್ಲಿ ಮೇಕಪ್‌ದೂ ಒಂದು. ನಟನೆಗೆ ಒಂದೂ ಬರಲಿಲ್ಲ. ವೇಷದೊಳಗಿನ ನಟನೆಯನ್ನು ಗುರುತಿಸಲು ಪ್ರಶಸ್ತಿ ಕೊಡುವವರಿಗೆ ಇನ್ನೂ ಬರುವುದಿಲ್ಲ ಅನ್ನುವುದು ನನ್ನ ಹಳೇ ಸಿಟ್ಟು.

2025ರಲ್ಲಿ 'ಲಾಕ್ಡ್' ಅನ್ನುವ ಸಿನಿಮಾದಲ್ಲಿ ಬಹುಪಾಲು ಹೊತ್ತು ಕಾರೊಳಗೆ ಸಿಕ್ಕಿಬಿದ್ದ ಕಳ್ಳ. ಆಂಥನಿ ಹಾಪ್ಕಿನ್ಸ್ ದನಿ ಅವನನ್ನು ಕಾಡುತ್ತದೆ. ಅದೇ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಗಸ್ ವಾನ್ ಸ್ಯಾಂಟ್ ನಿರ್ದೇಶನದ 'ಡೆಡ್ ಮ್ಯಾನ್ಸ್ ವೈರ್' ಬಂತು, 1977ರಲ್ಲಿ ಅಮೆರಿಕದಲ್ಲಿ ನಡೆದ ಒತ್ತೆಯಾಳು ಪ್ರಕರಣದ ಕಥೆ. ಅಕ್ಟೋಬರಿನಲ್ಲಿ ಎಚ್‌ಬಿಒ ಸರಣಿಯಲ್ಲಿ ಮತ್ತೆ ಪೆನ್ನಿವೈಸ್ ಆದ. ಈ ಸಲ ನಿರ್ಮಾಪಕರಲ್ಲಿ ಅವನೂ ಒಬ್ಬ. ಜೊತೆಗಾತಿ ಆಲಿಡಾ ಮೊರ್ಬೆರಿ ಕೂಡ ಸ್ವೀಡಿಷ್ ನಟಿ, ಮಕ್ಕಳೂ ಇದ್ದಾರೆ.

ಸರಿ, ಮಗ ಏನು ನೋಡಬೇಕು? ಮೊದಲು 'ಸಿಂಪಲ್ ಸೈಮನ್', ಸಾಧ್ಯವಾದರೆ ನೀವೂ ಜೊತೆಗೆ ಕೂತುಕೊಳ್ಳಿ. ಮನೆಯವರೆಲ್ಲ ನೋಡುವಂಥದ್ದು. ಮಾರನೇ ದಿನ ಅವನೊಬ್ಬನೇ 'ನೊಸ್ಫೆರಾಟು' ನೋಡಲಿ, ಅದು ದೊಡ್ಡವರ ಸಿನಿಮಾ. ನಟನೆಯ ಹುಚ್ಚು ನಿಜವಾಗಿದ್ದರೆ ಆ ದನಿಯ ಕೆಲಸ ಅವನನ್ನು ಕೂರಲು ಬಿಡುವುದಿಲ್ಲ. ಒಂದೆರಡು ವಾರ ಮನೆಯಲ್ಲಿ ವಿಚಿತ್ರ ಗೊಗ್ಗರು ದನಿ ಕೇಳಿಸಿದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಡಿ.

ಮಗಳಿಗೆ 'ಇಟ್' ಬೇಡ. ಅದರಲ್ಲಿ ಮಕ್ಕಳಿಗೇ ಹಿಂಸೆಯಾಗುತ್ತದೆ, ಅದೂ ಮೊದಲ ಹತ್ತು ನಿಮಿಷದೊಳಗೆ. ಹಠ ಮಾಡಿದರೆ ನಾಲ್ಕೈದು ವರ್ಷ ಬಿಟ್ಟು ನೋಡೋಣ ಅನ್ನಿ. ಈಗಲೇ ತೋರಿಸಿದಿರೋ, ಆ ಕ್ಲೌನ್ ಇರುವುದು ಮೋರಿಯಲ್ಲಿ, ನಿಮ್ಮ ಬಚ್ಚಲಲ್ಲೂ ಒಂದು ಮೋರಿ ಇದೆ. ರಾತ್ರಿ ಎದ್ದಾಗಲೆಲ್ಲ ಜೊತೆಗೆ ಹೋಗಿ ಬಾಗಿಲ ಹತ್ತಿರ ನಿಲ್ಲಬೇಕಾದವರು ನೀವೇ.